ಹಗಲು ಗಿಡ್ಡವಾದಾಗ ಮನಸ್ಸೂ ಮುದುಡುತ್ತದೆ: ಕೊರತೆ ತಟ್ಟೆಯಲ್ಲಿದೆಯೇ, ಬೇರೆಲ್ಲಾದರೂ ಇದೆಯೇ?

ಪ್ರಶ್ನೆ: ಮಂಕು ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ ವಯಸ್ಸು, ಹೇಳಿಕೊಳ್ಳುವಂಥ ಕಾಯಿಲೆ ಯಾವುದೂ ಇಲ್ಲ. ಆದರೂ ಕಳೆದ ಮೂರು ವರ್ಷಗಳಿಂದ, ಹಗಲು ಗಿಡ್ಡವಾಗಿ ಮೋಡ ಮತ್ತು ಚಳಿ ಹೆಚ್ಚುವ ತಿಂಗಳುಗಳು ಬಂದವೆಂದರೆ ನಾನು ನಾನಾಗಿರುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸವೆನಿಸುತ್ತದೆ. ರಜಾದಿನ ಹತ್ತು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಸಿಹಿ ತಿನ್ನಬೇಕೆಂಬ ತವಕ ತಡೆಯಲಾಗದಷ್ಟು ಹೆಚ್ಚುತ್ತದೆ, ಎರಡು ತಿಂಗಳಲ್ಲಿ ಮೂರು ಕಿಲೋ ತೂಕ ಏರುತ್ತದೆ, ಮನೆಯವರು ಸಹಜವಾಗಿ ಕೇಳಿದ ಮಾತಿಗೂ ಸಿಡುಕುತ್ತೇನೆ. ಹಗಲು ಮತ್ತೆ ಉದ್ದವಾಗತೊಡಗಿದಾಗ ಯಾವ ಔಷಧವೂ ಇಲ್ಲದೆ ಇವೆಲ್ಲ ತಾವಾಗಿಯೇ ಇಳಿಯುತ್ತವೆ.

ನನ್ನ ದಿನಚರಿಯನ್ನು ಮುಚ್ಚಿಡದೆ ಬರೆಯುತ್ತೇನೆ. ಏಳೂವರೆಗೆ ಎದ್ದು ಒಂದು ಲೋಟ ಕಾಫಿ ಕುಡಿಯುತ್ತೇನೆ, ಬೆಳಗಿನ ತಿಂಡಿ ಹೆಚ್ಚಿನ ದಿನ ತಪ್ಪುತ್ತದೆ. ಹತ್ತೂವರೆಗೆ ಮತ್ತೊಂದು ಕಾಫಿ. ಮಧ್ಯಾಹ್ನ ಎರಡು ಗಂಟೆಗೆ ಕಂಪ್ಯೂಟರಿನ ಮುಂದೆಯೇ ಊಟ. ನಾಲ್ಕೂವರೆಗೆ ಬಿಸ್ಕತ್ತಿನ ಪೊಟ್ಟಣ ಮತ್ತು ಮೂರನೆಯ ಕಾಫಿ, ಏಳು ಗಂಟೆಗೆ ನಾಲ್ಕನೆಯದು. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯುವಷ್ಟು ಊಟ ಮಾಡಿ ಹನ್ನೆರಡೂವರೆಗೆ ಮಲಗುತ್ತೇನೆ. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಹಾಲು ಮೊಸರು ಕೂಡ ಅಷ್ಟಕ್ಕಷ್ಟೇ.

ಪರಿಚಯದವರೊಬ್ಬರು ಇದೆಲ್ಲ ಡಿ ವಿಟಮಿನ್ ಕೊರತೆಯಿಂದಲೇ ಎಂದು ಹೇಳಿದ್ದರಿಂದ, ಪರೀಕ್ಷೆ ಮಾಡಿಸದೆಯೇ ಹೆಚ್ಚಿನ ಪ್ರಮಾಣದ ಮಾತ್ರೆಗಳನ್ನು ಒಂದು ತಿಂಗಳಿನಿಂದ ನುಂಗುತ್ತಿದ್ದೇನೆ. ಏನೂ ವ್ಯತ್ಯಾಸ ಕಾಣಲಿಲ್ಲ. ಇದು ನಿಜವಾಗಿಯೂ ಪೋಷಕಾಂಶದ ಕೊರತೆಯೇ, ಅಥವಾ ಋತುವಿನ ಪರಿಣಾಮವೇ? ಮನಸ್ಸನ್ನು ಮೇಲೆತ್ತುವ ಆಹಾರ ಎಂಬುದೊಂದು ಇದೆಯೇ? ಮನಸ್ಸಿನ ವೈದ್ಯರ ಬಳಿ ಹೋಗುವಷ್ಟು ಇದು ದೊಡ್ಡ ವಿಷಯವೇ ಎಂಬ ಸಂಕೋಚವೂ ಇದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ತಟ್ಟೆಯ ಲೆಕ್ಕ

ನಾನು ಹಲವು ವರ್ಷಗಳಿಂದ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ನೀವು ಏನು ತಿನ್ನಬೇಕೆಂದು ಕೇಳಿದ್ದೀರಿ, ಆದರೆ ನಿಮ್ಮ ದಿನಚರಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಯಾವಾಗ ತಿನ್ನುತ್ತೀರಿ ಎಂಬುದು. ರಾತ್ರಿ ಹತ್ತರಿಂದ ಮರುದಿನ ಮಧ್ಯಾಹ್ನ ಎರಡರವರೆಗೆ ಹದಿನಾರು ಗಂಟೆ ನಿಮ್ಮ ಹೊಟ್ಟೆಗೆ ಎರಡು ಲೋಟ ಕಾಫಿಯ ಹೊರತು ಬೇರೇನೂ ಬೀಳುತ್ತಿಲ್ಲ. ಅಷ್ಟು ಹೊತ್ತು ಉಪವಾಸವಿದ್ದು ಆರಾಮವಾಗಿರುವ ಜನರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥವರು ಸಂಜೆ ಬಿಸ್ಕತ್ತಿನ ಪೊಟ್ಟಣ ಮುಗಿಸಿ ಆಮೇಲೆ ತಮ್ಮನ್ನೇ ಬೈದುಕೊಳ್ಳುವುದಿಲ್ಲ. ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟೇ ಇದ್ದರೂ ವಿಶ್ರಾಂತಿಯಲ್ಲಿರುವಾಗ ನಾವು ವ್ಯಯಿಸುವ ಶಕ್ತಿಯ ಸುಮಾರು ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಅರ್ಧ ದಿನ ಅದಕ್ಕೆ ಹೊಸದಾಗಿ ಏನನ್ನೂ ಕೊಡದೆ ಇದ್ದು, ನಾಲ್ಕೂವರೆಗೆ ಅದು ಅತಿ ಬೇಗ ಸಿಗುವ ಸಕ್ಕರೆಯನ್ನು ಕೇಳಿದರೆ ಅದನ್ನು ಮನೋಬಲದ ಕೊರತೆ ಎನ್ನಲಾಗದು.

ಹಸಿವು ಮನಸ್ಸನ್ನು ಎಷ್ಟರ ಮಟ್ಟಿಗೆ ಕದಡಬಲ್ಲದು ಎಂಬುದಕ್ಕೆ ಹಳೆಯದೊಂದು ಪ್ರಯೋಗವಿದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ಆರೋಗ್ಯವಂತರಾದ 36 ಯುವ ಸ್ವಯಂಸೇವಕರಿಗೆ 24 ವಾರಗಳ ಕಾಲ ಅವರ ಎಂದಿನ ಆಹಾರದ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಕೊಟ್ಟರು. ದೇಹ ಸೊರಗಿದ್ದು ನಿರೀಕ್ಷಿತವೇ, ಆದರೆ ಅವರಲ್ಲಿ ಹಲವರು ಖಿನ್ನರಾದರು, ಚಿಕ್ಕ ವಿಷಯಕ್ಕೂ ಕೆರಳತೊಡಗಿದರು, ಗೆಳೆಯರಿಂದ ದೂರ ಸರಿದರು, ದಿನವಿಡೀ ಊಟದ ಬಗ್ಗೆಯೇ ಯೋಚಿಸುತ್ತಿದ್ದರು. ನಿಮ್ಮ ಸ್ಥಿತಿ ಅದಲ್ಲ. ಹಸಿದ ದೇಹದಲ್ಲಿ ಸಿಡುಕು ಹುಟ್ಟುವುದು ಸ್ವಭಾವದ ದೋಷವಲ್ಲ ಎಂದು ತೋರಿಸಲಷ್ಟೇ ಇದನ್ನು ಬರೆದೆ.

ಹಾಗಾದರೆ ಮಾಡಬೇಕಾದದ್ದೇನು? ರಾತ್ರಿಯ ಊಟವನ್ನು ಎಂಟು ಗಂಟೆಯ ಸುಮಾರಿಗೆ ತನ್ನಿ, ಪ್ರಮಾಣವನ್ನು ತುಸು ತಗ್ಗಿಸಿ. ಹಾಗೆ ಮಾಡಿದರೆ ಬೆಳಿಗ್ಗೆ ಹಸಿವು ತಾನಾಗಿ ಹುಟ್ಟುತ್ತದೆ, ತಿಂಡಿಯನ್ನು ಒತ್ತಾಯದಿಂದ ತುರುಕಬೇಕಾಗಿಲ್ಲ. ಆ ತಿಂಡಿಯಲ್ಲಿ ಹಿಟ್ಟಿನ ಪದಾರ್ಥವೊಂದೇ ಇದ್ದರೆ ಹನ್ನೊಂದು ಗಂಟೆಗೆ ಮತ್ತೆ ಹಸಿವಾಗುತ್ತದೆ, ಆದ್ದರಿಂದ 15ರಿಂದ 20 ಗ್ರಾಂ ಪ್ರೋಟೀನ್ ಇರುವಂತೆ ನೋಡಿಕೊಳ್ಳಿ. ಇದು ಕಷ್ಟದ ಲೆಕ್ಕವಲ್ಲ: ಬೇಯಿಸಿದ ಬೇಳೆ ಅಥವಾ ಕಾಳು 100 ಗ್ರಾಂ ಇದ್ದರೆ ಸುಮಾರು 8 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ ಸಿಗುತ್ತದೆ. ನಾಲ್ಕೂವರೆಯ ಬಿಸ್ಕತ್ತನ್ನು ಮೊದಲ ವಾರವೇ ನಿಲ್ಲಿಸಲು ಹೋಗಬೇಡಿ. ಬೆಳಗಿನ ಹೊಟ್ಟೆ ತುಂಬಿದ ಮೇಲೆ ಅದರ ಗತಿ ಏನಾಗುತ್ತದೆಂದು ನೋಡೋಣ.

ಕಾಫಿಯ ವಿಷಯದಲ್ಲಿ ನನಗೆ ಪ್ರಮಾಣಕ್ಕಿಂತ ಹೊತ್ತಿನ ಬಗ್ಗೆ ತಕರಾರಿದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನ್ ಸಾಮಾನ್ಯವಾಗಿ ತೊಂದರೆಯಿಲ್ಲ ಎನ್ನುತ್ತಾರೆ, ನೀವು ಬಹುಶಃ ಆ ಗೆರೆಯ ಒಳಗೇ ಇದ್ದೀರಿ. ಆದರೆ ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ಏಳು ಗಂಟೆಯ ಕಾಫಿ ಮಧ್ಯರಾತ್ರಿಯಲ್ಲೂ ಅರ್ಧ ಲೋಟದಷ್ಟು ನಿಮ್ಮೊಳಗೇ ಇರುತ್ತದೆ, ನಿದ್ದೆ ಬಂದರೂ ಆಳವಾಗಿರುವುದಿಲ್ಲ. ಕೊನೆಯ ಕಾಫಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯಲಿ. ಇನ್ನೊಂದು ಕಾರಣವೂ ಇದೆ: ಕಾಫಿ ಮತ್ತು ಚಹಾ ಊಟದ ಜೊತೆ ಹೊಟ್ಟೆ ಸೇರಿದರೆ ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ. ನಿಂಬೆ, ಕಿತ್ತಳೆ, ಸೀಬೆಯಂಥ ಸಿ ವಿಟಮಿನ್ ಇರುವ ಹಣ್ಣುಗಳು ಅದೇ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತವೆ.

ಮನಸ್ಸನ್ನು ಮೇಲೆತ್ತುವ ಆಹಾರದ ಮಾತಿಗೆ ಬರುತ್ತೇನೆ. ಬಾಳೆಹಣ್ಣಿನಲ್ಲಿ ಸಿರೊಟೋನಿನ್ (ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ರಾಸಾಯನಿಕ) ಇದೆ, ಆದ್ದರಿಂದ ತಿಂದರೆ ಸಂತೋಷ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ದೇಹದ ಸಿರೊಟೋನಿನ್ನಿನ ಸುಮಾರು ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂಬುದು ನಿಜ, ಆದರೆ ರಕ್ತದಲ್ಲಿರುವ ಸಿರೊಟೋನಿನ್ ಮೆದುಳಿನ ಹೊರಗಿನ ತಡೆಯನ್ನು ದಾಟಿ ಒಳಹೋಗುವುದಿಲ್ಲ. ಮೆದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳಬೇಕು. ಬಾಳೆಹಣ್ಣು ಒಳ್ಳೆಯ ಹಣ್ಣು, ಅಷ್ಟೇ. ಒಂದು ಹಣ್ಣಿನ ಬದಲು ಇಡೀ ಊಟದ ಕ್ರಮವನ್ನೇ ಬದಲಾಯಿಸಿದರೆ ಫಲವಿದೆ ಎನ್ನುವುದಕ್ಕೆ ಮಾತ್ರ ಆಧಾರವಿದೆ. 2017ರಲ್ಲಿ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಮತ್ತು ಸಂಗಡಿಗರು ಖಿನ್ನತೆಯಿದ್ದ 67 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಗಳ ಕಾಲ ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಮೀನು, ಬೀಜಗಳಿರುವ ಊಟಕ್ಕೆ ಮಾರ್ಗದರ್ಶನ ನೀಡಿದರು, ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತಿನ ಸ್ನೇಹದ ಮಾತುಕತೆ ದೊರೆಯಿತು. ಮೊದಲ ಗುಂಪಿನಲ್ಲಿ ಸುಮಾರು ಶೇ. 32ರಷ್ಟು, ಎರಡನೆಯದರಲ್ಲಿ ಶೇ. 8ರಷ್ಟು ಜನ ಖಿನ್ನತೆಯಿಂದ ಹೊರಬಂದರು. ಚಿಕ್ಕ ಅಧ್ಯಯನ, ತಾವು ಯಾವ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತಿತ್ತು, ಬಹುತೇಕರು ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಆದ್ದರಿಂದ ಊಟವನ್ನು ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳದೆ ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳುವುದು ಸರಿ.

ಉತ್ತರ 2: ಜೋಮು ಹಿಡಿದ ಕಾಲು

ಪ್ರಶ್ನೆಯಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲು ಮೊಸರು ಕೂಡ ಕಡಿಮೆ ಎಂಬ ಸಾಲನ್ನು ಓದಿ ಸುಮ್ಮನಿರಲಾಗಲಿಲ್ಲ. ನಾನು ತಜ್ಞಳಲ್ಲ, ಅನುಭವಿಸಿದವಳು. ಸುಮಾರು ಎರಡು ವರ್ಷ ನನಗೆ ಮಂಕು, ಮರೆವು, ಕಾರಣವಿಲ್ಲದ ಅಳು. ಒಲೆಯ ಮುಂದೆ ಉಪ್ಪಿನ ಡಬ್ಬಿ ಹಿಡಿದು ನಿಂತು, ಈಗಷ್ಟೇ ಉಪ್ಪು ಹಾಕಿದೆನೋ ಇಲ್ಲವೋ ಎಂದು ತಿಳಿಯದೆ ರುಚಿ ನೋಡುತ್ತಿದ್ದೆ, ಮರುಕ್ಷಣ ರುಚಿ ನೋಡಿದ್ದೂ ಮರೆಯುತ್ತಿತ್ತು. ಪಾದಗಳಲ್ಲಿ ಸದಾ ಜೋಮು. ಒಂದು ದಿನ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ನೆಲ ತಣ್ಣಗೆ ತಾಗಿದಂತಾಗಿ ತಿಳಿಯಿತು. ಮೊದಲು ತೋರಿಸಿದ ಕಡೆ ನನ್ನ ಪಾದ ಮುಟ್ಟಿಯೂ ನೋಡದೆ, ಯೋಚನೆ ಕಡಿಮೆ ಮಾಡಿ ಎಂದು ಹೇಳಿ ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಎರಡನೆಯ ಕಡೆ ವೈದ್ಯರು ನಾನು ಏನು ತಿನ್ನುತ್ತೇನೆ, ಯಾವ ಮಾತ್ರೆಗಳನ್ನು ನುಂಗುತ್ತೇನೆ ಎಂದು ಕೇಳಿದರು. ಸಸ್ಯಾಹಾರ, ಜೊತೆಗೆ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ದಿನವೂ ಆಮ್ಲ ತಗ್ಗಿಸುವ ಮಾತ್ರೆ. ಈ ಎರಡು ಮಾತ್ರೆಗಳೂ ದೀರ್ಘಕಾಲ ಬಳಸಿದರೆ ಬಿ12 ವಿಟಮಿನ್ ದೇಹಕ್ಕೆ ಹತ್ತುವುದನ್ನು ಕಡಿಮೆ ಮಾಡುತ್ತವೆಯಂತೆ. ರಕ್ತ ಪರೀಕ್ಷೆಯಲ್ಲಿ ಬಿ12 ತಳಮುಟ್ಟಿತ್ತು. ಚುಚ್ಚುಮದ್ದು ಆರಂಭಿಸಿದ ಕೆಲವು ವಾರಗಳಲ್ಲಿ ಮಂಕು ಹರಿಯಿತು, ಜೋಮು ಪೂರ್ತಿ ಇಳಿಯಲು ಮಾತ್ರ ತಿಂಗಳುಗಟ್ಟಲೆ ಬೇಕಾಯಿತು, ಎಡಗಾಲಿನ ಹೆಬ್ಬೆರಳಲ್ಲಿ ಇನ್ನೂ ತುಸು ಉಳಿದಿದೆ.

ದಿನಕ್ಕೆ ಬೇಕಾದ ಬಿ12 ಬರೀ 2.4 ಮೈಕ್ರೋಗ್ರಾಂ. ಆದರೆ ಅದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ, ಸೊಪ್ಪು ಕಾಳುಗಳಲ್ಲಿ ಇಲ್ಲ. ಯಕೃತ್ತಿನಲ್ಲಿ ವರ್ಷಗಳಿಗೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬಹಳ ತಡವಾಗಿ ಬಯಲಾಗುತ್ತದೆ, ಹಾಗಾಗಿ ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಮಾತ್ರೆ ನುಂಗುವ ಮುನ್ನವೇ ರಕ್ತ ಕೊಡಿ. ನುಂಗಿದ ಮೇಲೆ ಪರೀಕ್ಷೆ ಮಾಡಿಸಿದರೆ ಅಂಕಿ ಚೆನ್ನಾಗಿ ಕಂಡು ನಿಜ ಮುಚ್ಚಿಹೋಗುತ್ತದೆ. ಫೋಲಿಕ್ ಆಮ್ಲವನ್ನಷ್ಟೇ ತೆಗೆದುಕೊಂಡರೆ ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದೆಂದು ನಮ್ಮ ವೈದ್ಯರು ಎಚ್ಚರಿಸಿದ್ದರು, ಅದನ್ನೂ ಗಮನದಲ್ಲಿಡಿ.

ಉತ್ತರ 3: ಕಿಟಕಿ ಪಕ್ಕದ ಕುರ್ಚಿ

ಮನೋವೈದ್ಯನಾಗಿ ಕೆಲವು ಮಾತು. ಇಲ್ಲಿ ಬರೆದದ್ದು ನಿಮ್ಮನ್ನು ಎದುರು ಕೂರಿಸಿಕೊಂಡು ನೋಡುವುದಕ್ಕೆ ಸಾಟಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ವಿವರಿಸಿದ ಲಕ್ಷಣಗಳಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಹೋದ್ಯೋಗಿಗಳು ಋತುಮಾನದ ಖಿನ್ನತೆಯನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ದಾಖಲಿಸಿದರು. ಸಾಮಾನ್ಯ ಖಿನ್ನತೆಯಲ್ಲಿ ಹಲವರಿಗೆ ನಿದ್ದೆ ಮತ್ತು ಹಸಿವು ಕಡಿಮೆಯಾಗುತ್ತವೆ, ಚಳಿಗಾಲದ ಈ ಬಗೆಯಲ್ಲಿ ಅದಕ್ಕೆ ತದ್ವಿರುದ್ಧವಾಗಿ ಅತಿನಿದ್ದೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳ ಮೇಲಿನ ಆಸೆ, ತೂಕದ ಏರಿಕೆ ಕಾಣಿಸುತ್ತವೆ. ಬೇಸಿಗೆಯಲ್ಲಿ ಬರುವ ಇನ್ನೊಂದು ಬಗೆಯೂ ಉಂಟು. ಅದು ಅಪರೂಪ, ಅದರಲ್ಲಿ ನಿದ್ದೆ ಬಾರದೆ, ಊಟ ಸೇರದೆ, ಮನಸ್ಸು ತಳಮಳಿಸುತ್ತದೆ. ಸತತ ಎರಡು ವರ್ಷವಾದರೂ ಅದೇ ಋತುವಿನಲ್ಲಿ ಬಂದು, ಋತು ಸರಿದ ಮೇಲೆ ಪೂರ್ತಿ ಇಳಿದರೆ ಮಾತ್ರ ಈ ಹೆಸರು ಸಲ್ಲುತ್ತದೆ. ನಿಮ್ಮದು ಮೂರನೆಯ ವರ್ಷ.

ಇದರ ಹಿಂದೆ ಬೆಳಕಿನ ಪಾತ್ರ ದೊಡ್ಡದು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕೆಂದೇ ಇರುವ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಇನ್ನೊಂದು ಬಗೆಯ ಕೋಶಗಳಿವೆ. ಹಗಲಾಯಿತು ಎಂಬ ಸುದ್ದಿಯನ್ನು ಮೆದುಳಿನೊಳಗಿನ ಗಡಿಯಾರಕ್ಕೆ ಮುಟ್ಟಿಸುವುದು ಮುಖ್ಯವಾಗಿ ಇವುಗಳೇ. ಬೆಳಗಿನ ಬೆಳಕು ಸಾಲದಿದ್ದರೆ ಆ ಗಡಿಯಾರ ಹಿಂದೆ ಬೀಳುತ್ತದೆ, ಮೈ ಎದ್ದರೂ ಒಳಗೆ ಇನ್ನೂ ರಾತ್ರಿಯೇ ನಡೆಯುತ್ತಿರುತ್ತದೆ. ಮನೆಯೊಳಗಿನ ಬೆಳಕು ಸಾಕಷ್ಟು ಪ್ರಕಾಶಮಾನ ಎಂದು ನಾವು ಭಾವಿಸುತ್ತೇವೆ, ಏಕೆಂದರೆ ಕಣ್ಣು ಬಹು ಬೇಗ ಹೊಂದಿಕೊಂಡು ನಮ್ಮನ್ನು ಮೋಸಗೊಳಿಸುತ್ತದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಅಳತೆಗೆ ನಿಂತರೆ ದೀಪ ಹಾಕಿದ ಕೋಣೆಯಲ್ಲಿ 100ರಿಂದ 500 ಲಕ್ಸ್ ಇದ್ದರೆ ಹೆಚ್ಚು. ಮೋಡ ಕವಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷದವರೆಗೂ ಹೋಗುತ್ತದೆ. ಆದ್ದರಿಂದ ನಾನು ಮೊದಲು ಬರೆದುಕೊಡುವುದು ಮಾತ್ರೆಯನ್ನಲ್ಲ: ಎದ್ದ ಒಂದು ಗಂಟೆಯೊಳಗೆ, ಬಿಸಿಲಿರಲಿ ಮೋಡವಿರಲಿ, ಅರ್ಧ ಗಂಟೆ ಹೊರಗೆ ನಡೆಯಿರಿ. ವಾರಕ್ಕೆ 150 ನಿಮಿಷವಾದರೂ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಐದು ದಿನದ ಆ ನಡಿಗೆಯಲ್ಲೇ ಪೂರೈಸುತ್ತದೆ.

ಅದರಿಂದ ಸಾಲದಿದ್ದರೆ 10,000 ಲಕ್ಸಿನ ಚಿಕಿತ್ಸಾ ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕುಳಿತುಕೊಳ್ಳುವ ಕ್ರಮವಿದೆ. ನೇರಳಾತೀತ ಕಿರಣಗಳನ್ನು ತಡೆದ ದೀಪವೇ ಆಗಿರಬೇಕು. ಅಕ್ಷಿಪಟಲದ ಕಾಯಿಲೆ ಇರುವವರು, ಮತ್ತು ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸುವ ಅತಿ ಉತ್ಸಾಹದ ದಿನಗಳನ್ನು ಕಂಡವರು, ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಖಿನ್ನತೆ ಮತ್ತು ಅತಿ ಉತ್ಸಾಹ ಎರಡೂ ಬಂದುಹೋಗುವ ದ್ವಿಧ್ರುವಿ ಮನೋಕಾಯಿಲೆ ಇದ್ದರೆ ಈ ಬೆಳಕೇ ಉನ್ಮಾದವನ್ನು ಕೆರಳಿಸಬಹುದು. ಋತುಮಾನದ ಖಿನ್ನತೆಗೆಂದೇ ಹೊಂದಿಸಿದ ಮಾತಿನ ಚಿಕಿತ್ಸೆಯೂ ಇದೆ. ಬೆಳಕಿನ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ, ಎರಡು ಚಳಿಗಾಲ ಕಳೆದ ಮೇಲೆ ಮಾತಿನ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಮರುಕಳಿಸಿದ್ದು ಕಡಿಮೆ.

ಡಿ ವಿಟಮಿನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಮೂಳೆಗಳಿಗೆ ಅದು ಬೇಕೇ ಬೇಕು. ಮನಸ್ಸಿಗೆ ಅದು ಔಷಧವೇ ಎಂದು ನೋಡಲು, 50 ದಾಟಿದ 18,353 ಜನರ ಮೇಲೆ ಸುಮಾರು ಐದು ವರ್ಷ ನಡೆದ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು. ದಿನಕ್ಕೆ 2,000 ಅಂತರರಾಷ್ಟ್ರೀಯ ಘಟಕದಷ್ಟು ಪಡೆದವರಲ್ಲೂ, ಹುಸಿ ಮಾತ್ರೆ ಪಡೆದವರಲ್ಲೂ ಖಿನ್ನತೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವಯಸ್ಕರಿಗೆ ದಿನಕ್ಕೆ 600 ಘಟಕ ಸಾಕು, ವೈದ್ಯರ ಸಲಹೆಯಿಲ್ಲದೆ 4,000 ದಾಟಬಾರದು. ಇದು ಕೊಬ್ಬಿನಲ್ಲಿ ಕರಗಿ ಶೇಖರವಾಗುವ ವಿಟಮಿನ್ ಆದ್ದರಿಂದ ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಮೂತ್ರಪಿಂಡದ ಕಲ್ಲು, ಕೆಲವೊಮ್ಮೆ ಮಂಕು ಕೂಡ ಬರಬಹುದು. ಅಂದರೆ ಯಾವ ಮಂಕನ್ನು ಕಳೆಯಲು ಹೊರಟಿರೋ ಅದನ್ನೇ ಮಾತ್ರೆಯಿಂದ ಕೊಂಡುತಂದಂತಾಗುತ್ತದೆ.

ಇನ್ನು ಸಂಕೋಚದ ಮಾತು. ಬೇಸರ ಅಥವಾ ನಿರಾಸಕ್ತಿ ಎರಡು ವಾರ, ದಿನದ ಬಹುಪಾಲು ಹೊತ್ತು ಬಿಡದೆ ಇದ್ದರೆ ತೋರಿಸಿಕೊಳ್ಳಲು ಅದಿಷ್ಟೇ ಸಾಕು. ಖಿನ್ನತೆಯನ್ನು ಅಂದಾಜಿಸುವ ಪಿ.ಎಚ್.ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ನಾವು ವಿವರವಾಗಿ ವಿಚಾರಿಸುತ್ತೇವೆ. ಬದುಕಿರುವುದೇ ಬೇಡ ಎಂಬ ಆಲೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡಿ. ಅಂದೇ ಯಾರಿಗಾದರೂ ಹೇಳಿ, ಅಂದೇ ವೈದ್ಯರನ್ನು ಕಾಣಿ. ಎಲ್ಲ ಹೊಣೆಯನ್ನೂ ಋತುವಿನ ತಲೆಗೆ ಕಟ್ಟುವ ಮುನ್ನ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ರಕ್ತದ ಸಕ್ಕರೆ ಇವುಗಳನ್ನು ನೋಡಿಸಿ. ಗೊರಕೆ ಜೋರಾಗಿದ್ದು ನಡುವೆ ಉಸಿರು ನಿಂತಂತಾಗುತ್ತದೆಯೇ ಎಂದು ಮನೆಯವರನ್ನೂ ಕೇಳಿ.

ಉತ್ತರ 4: ಪಕ್ಕದ ಮಣೆ

ಮೇಲಿನ ಮೂವರೂ ತೂಕದ ಮಾತನ್ನೇ ಆಡಿದ್ದಾರೆ, ಆದರೂ ಎಲ್ಲರೂ ಅಂಕಿಗಳ ಹಿಂದೆ ಹೋದರೆಂದು ನನಗನಿಸಿತು. ಆಪ್ತಸಮಾಲೋಚನೆಯ ಕೆಲಸದಲ್ಲಿ ನಾನು ಮೊದಲು ಕೇಳುವುದು, ನೀವು ಯಾರ ಜೊತೆ ಊಟ ಮಾಡುತ್ತೀರಿ ಎಂದು. ನಿಮ್ಮ ಮಧ್ಯಾಹ್ನದ ಊಟ ಕಂಪ್ಯೂಟರಿನ ಜೊತೆ. ನಾಲ್ಕೂವರೆಯ ಬಿಸ್ಕತ್ತು ಪ್ರಾಯಶಃ ಇಡೀ ದಿನದಲ್ಲಿ ನೀವು ನಿಮಗಾಗಿ ತೆಗೆದುಕೊಳ್ಳುವ ಏಕೈಕ ಬಿಡುವು. ಅದು ಹೊಟ್ಟೆಯ ಹಸಿವೂ ಇರಬಹುದು, ಬೇಸರವೂ ಇರಬಹುದು. ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಎದುರಿಗೆ ಏನಿದ್ದರೂ ಒಪ್ಪಿಕೊಳ್ಳುತ್ತದೆ. ಮನಸ್ಸಿನ ಹಸಿವು ಥಟ್ಟನೆ ಬರುತ್ತದೆ, ಇಂಥದ್ದೇ ಬೇಕೆನ್ನುತ್ತದೆ, ತಿಂದ ಮೇಲೂ ತೃಪ್ತಿ ಕೊಡುವುದಿಲ್ಲ. ಈ ಗೆರೆ ಯಾವಾಗಲೂ ಸ್ಪಷ್ಟವಿರುವುದಿಲ್ಲ, ಆದರೂ ಒಂದು ವಾರ ತಿನ್ನುವ ಮುನ್ನ ಒಂದೇ ಸಾಲು ಬರೆದಿಟ್ಟುಕೊಂಡು ನೋಡಿ: ಈ ಕ್ಷಣ ನನಗೇನಾಗುತ್ತಿದೆ? ಎಷ್ಟು ತಿಂದೆ ಎಂದು ಬರೆಯಬೇಡಿ. ಹಿಂದೆ ಊಟದ ವಿಷಯದಲ್ಲಿ ತಮ್ಮನ್ನು ದಂಡಿಸಿಕೊಂಡ ಅನುಭವವಿರುವವರಿಗೆ ತೂಕ ಮತ್ತು ಕ್ಯಾಲೊರಿಯ ಲೆಕ್ಕ ಹೊಸ ಚಾಟಿಯಾಗುವುದನ್ನು ಕಂಡಿದ್ದೇನೆ.

ಇನ್ನೊಂದು ಪ್ರಶ್ನೆ. ನೀವು ಮೂರು ವರ್ಷಗಳಿಂದ ಎಂದು ಬರೆದಿದ್ದೀರಿ. ಅದಕ್ಕೂ ಮುಂಚಿನ ಮೂವತ್ತೆಂಟು ವರ್ಷಗಳಲ್ಲೂ ಹಗಲು ಪ್ರತಿ ಸಲ ಗಿಡ್ಡವಾಗುತ್ತಲೇ ಇತ್ತಲ್ಲವೇ? ಆಗ ಇಲ್ಲದ್ದು ಈಗೇಕೆ ಬಂತು? ಆ ವರ್ಷ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು, ಅಥವಾ ಏನು ಬಿಟ್ಟುಹೋಯಿತು?

ಮಂಕು ಮುಂಜಾವು (ಮೂರು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಮೂರು ವರ್ಷಗಳ ಹಿಂದೆ ನಾನು ಮನೆಯಿಂದಲೇ ಕೆಲಸ ಮಾಡಲು ಆರಂಭಿಸಿದೆ. ಅದಕ್ಕೂ ಮೊದಲು ಪ್ರತಿದಿನ ಎಂಟು ಗಂಟೆಗೆ ಮನೆ ಬಿಟ್ಟು, ಬಸ್ಸು ಹಿಡಿಯಲು ಇಪ್ಪತ್ತೈದು ನಿಮಿಷ ನಡೆಯುತ್ತಿದ್ದೆ. ಹೊರಡುವ ಆತುರದಲ್ಲೇ ಆದರೂ ತಿಂಡಿ ತಿನ್ನುತ್ತಿದ್ದೆ, ಏಕೆಂದರೆ ಹೊರಗೆ ಹೋದರೆ ಮಧ್ಯಾಹ್ನದವರೆಗೆ ಏನೂ ಸಿಗುತ್ತಿರಲಿಲ್ಲ. ಊಟಕ್ಕೆ ನಾಲ್ವರು ಜೊತೆಗಿರುತ್ತಿದ್ದರು. ಆ ಬಸ್ಸನ್ನು ಬೈಯದ ದಿನವಿರಲಿಲ್ಲ! ಅದು ತಪ್ಪಿದ್ದಕ್ಕೆ ಸಂತೋಷಪಟ್ಟವನಿಗೆ, ಅದರ ಜೊತೆ ಇಷ್ಟೆಲ್ಲ ಹೋಯಿತೆಂದು ಹೊಳೆಯಲೇ ಇಲ್ಲ.

ಕೆಲಸಕ್ಕೆ ಮನೆಯ ಒಳಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದೇನೆ, ಅಲ್ಲಿ ಕಿಟಕಿಯಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಮೋಡ ಕವಿದ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ನೋಡಿದೆ. ಇಂಥ ಅಳತೆ ಕರಾರುವಾಕ್ಕಲ್ಲ ಎಂಬುದು ಗೊತ್ತಿದೆ, ಆದರೂ ಮೇಜಿನ ಮೇಲೆ 90, ಮುಂದಿನ ಕೋಣೆಯ ಕಿಟಕಿಯ ಬಳಿ 740, ಬಾಗಿಲಾಚೆ ಎರಡು ಹೆಜ್ಜೆ ಇಟ್ಟೊಡನೆ 6,200. ಅಂಕಿ ತಪ್ಪಿದೆಯೇನೋ ಎಂದು ಒಳಗೆ ಹೊರಗೆ ನಾಲ್ಕು ಸಲ ಓಡಾಡಿದೆ, ಮನೆಯವರು ನೋಡಿ ನಕ್ಕರು.

ವೈದ್ಯರನ್ನು ಕಂಡೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಸರಿಯಾಗಿವೆ. ಬಿ12 ಮಾತ್ರ 160 ಪಿಕೋಗ್ರಾಂ, ಅವರ ಪ್ರಯೋಗಾಲಯದ ಕೆಳಮಿತಿ 200. ಅದಕ್ಕೆ ಚಿಕಿತ್ಸೆ ಆರಂಭವಾಗಿದೆ, ಡಿ ವಿಟಮಿನ್ನಿನ ಹೆಚ್ಚಿನ ಪ್ರಮಾಣದ ಮಾತ್ರೆಗಳನ್ನು ನಿಲ್ಲಿಸಲು ಹೇಳಿದ್ದಾರೆ. ಒಂಬತ್ತು ಪ್ರಶ್ನೆಗಳಲ್ಲಿ ಮೊದಲ ದಿನ 11 ಬಂದಿತ್ತು, ನಿನ್ನೆ 8. ಎಂಟು ಗಂಟೆಯ ಊಟ ವಾರದಲ್ಲಿ ನಾಲ್ಕು ದಿನ ಸಾಧ್ಯವಾಗಿದೆ, ಬೆಳಗಿನ ತಿಂಡಿ ಎಲ್ಲ ದಿನವೂ. ಬಿಸ್ಕತ್ತು ಪೊಟ್ಟಣದಿಂದ ಮೂರಕ್ಕೆ ಇಳಿದಿದೆ. ಬೆಳಿಗ್ಗೆ ಏಳುವುದು ಈಗಲೂ ಕಷ್ಟವೇ, ಅದರಲ್ಲಿ ಸುಳ್ಳು ಹೇಳಲಾರೆ. ಮೇಜನ್ನು ಕಿಟಕಿಯ ಬಳಿಗೆ ತಂದರೆ ಬೆಳಗಿನ ನಡಿಗೆಯನ್ನು ಬಿಡಬಹುದೇ ಎಂಬುದು ಸೋಮಾರಿಯೊಬ್ಬನ ಕೊನೆಯ ಪ್ರಶ್ನೆ.

ಕಿಟಕಿ ಪಕ್ಕದ ಕುರ್ಚಿ

ಬಿಡಬೇಡಿ. ನಿಮ್ಮದೇ ಅಳತೆಯ ಪ್ರಕಾರ ಕಿಟಕಿಯ ಬಳಿ ಇರುವುದು ಹೊರಗಿನ ಬೆಳಕಿನ ಎಂಟನೆಯ ಒಂದು ಭಾಗ. ಮೇಜನ್ನು ಅಲ್ಲಿಗೆ ತನ್ನಿ, ಅದು ನಡಿಗೆಯ ಜೊತೆಗಿರಲಿ. ಮೂರು ವಾರದಲ್ಲಿ 11ರಿಂದ 8ಕ್ಕೆ ಇಳಿದದ್ದು ಒಳ್ಳೆಯ ಸೂಚನೆ, ಆದರೆ ಅದು ಬಿ12ರಿಂದಲೋ, ತಿಂಡಿಯಿಂದಲೋ, ಬೆಳಕಿನಿಂದಲೋ ಎಂದು ಬಿಡಿಸಿ ಹೇಳಲು ಈಗ ಬಾರದು, ಹಾಗಾಗಿ ಯಾವುದನ್ನೂ ನಿಲ್ಲಿಸಿ ನೋಡುವ ಪ್ರಯೋಗ ಬೇಡ. ಬಿ12ನ್ನು ಮತ್ತೆ ಯಾವಾಗ ಪರೀಕ್ಷಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಇನ್ನೂ ಮೂರು ವಾರದ ಮೇಲೆ ಅಂಕ ಅಲ್ಲೇ ನಿಂತಿದ್ದರೆ ಚಿಕಿತ್ಸಾ ದೀಪದ ಬಗ್ಗೆ ಮಾತಾಡೋಣ, ಏರಿದರೆ ಮೂರು ವಾರ ಕಾಯದೆ ತೋರಿಸಿಕೊಳ್ಳಿ. ಮುಂದಿನ ವರ್ಷ ನಡಿಗೆಯನ್ನು ಮಂಕು ಶುರುವಾಗುವವರೆಗೆ ಕಾಯದೆ, ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವ ಹೊತ್ತಿಗಿಂತ ಎರಡು ಮೂರು ವಾರ ಮೊದಲೇ ಆರಂಭಿಸಿ. ಆ ದಿನಾಂಕವನ್ನು ಈಗಲೇ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ.